ಲಿಡಿಯಾ ಬೂನ್ ಹಡಗಿನ ಕಿವಿ

ನಮ್ಮ ಲಿಡಿಯಾ ಬೂನ್ ಹಡಗಿನ ಸೇವಾ ಚರಿತ್ರೆ ಸರ್ಕಾರದ ಪುಸ್ತಕದಲ್ಲಿ ಏಳು ಸಾಲು ಇದೆಯಂತೆ. ಶಾಲೆಯ ಮೇಷ್ಟ್ರೊಬ್ಬರು ಹುಡುಕಿ ತಂದು ನನಗೆ ಓದಿ ಹೇಳಿದರು. ಸಾವಿರದ ಎಂಟುನೂರ ಅರವತ್ತೆರಡರ ಚಳಿಗಾಲದಲ್ಲಿ ಸಿನ್ಸಿನಾಟಿಯಲ್ಲಿ ಕೊಂಡದ್ದು, ಮೌಂಡ್ ಸಿಟಿಯಲ್ಲಿ ತೆಳು ಕಬ್ಬಿಣದ ತಗಡು ಹೊದಿಸಿ ಎಂಟು ಫಿರಂಗಿ ಏರಿಸಿದ್ದು, ಟೆನೆಸೀ ಮತ್ತು ವೈಟ್ ನದಿಗಳಲ್ಲಿ ಕಾವಲು ತಿರುಗಿದ್ದು, ಹನ್ನೊಂದು ಸಲ ದಡದಿಂದ ಗುಂಡೇಟು ತಿಂದದ್ದು, ಅರವತ್ತೈದರ ಆಗಸ್ಟಿನಲ್ಲಿ ಹರಾಜಾದದ್ದು. ಅಷ್ಟೇ. ಮೇಷ್ಟ್ರು ಪುಸ್ತಕ ಮುಚ್ಚಿ, "ಸಂತೋಷ ಆಯ್ತಾ ತಾತ?" ಎಂದು ಕೇಳಿದರು. ನನಗೆ ಸಿಟ್ಟು ಬಂತು. ಆ ಏಳು ಸಾಲಿನಲ್ಲಿ ಐಸಮ್ ಲೆಡ್‌ಬೆಟರನ ಹೆಸರಿಲ್ಲ. ಅವನಿಲ್ಲದೆ ಹೋಗಿದ್ದರೆ ಹರಾಜಿನ ಸಾಲು ಬರೆಯುವ ಪ್ರಮೇಯವೇ ಬರುತ್ತಿರಲಿಲ್ಲ. ಬಾಯ್ಲರ್ ಒಡೆದು ನಾವೆಲ್ಲ ನದಿಯ ಪಾಲಾದೆವು ಎಂದು ಬರೆದು ಮುಗಿಸಬೇಕಾಗಿತ್ತು.

ನಾನು ಆ ಹಡಗಿನ ಅಡುಗೆಯವನು, ರೂಬೆನ್ ಟಿಬ್ಸ್. ಯುದ್ಧದ ಕಾಲದಲ್ಲೂ ಆಮೇಲೂ ಅದರಲ್ಲೇ ಹುರುಳಿಕಾಯಿ ಬೀಜ ಬೇಯಿಸಿ, ಉಪ್ಪು ಹಾಕಿದ ಹಂದಿಮಾಂಸ ಕರಿದು, ಕಾಫಿ ಎಂಬ ಹೆಸರಿನ ಕಪ್ಪು ನೀರು ಕಾಸಿ ಆಯುಸ್ಸು ಸವೆಸಿದವನು. ಒಲೆಯ ಮುಂದೆ ನಿಂತವನಿಗೆ ಹಡಗಿನಲ್ಲಿ ಯಾರ ಗುಟ್ಟೂ ಮುಚ್ಚಿಡಲು ಬರುವುದಿಲ್ಲ. ಹಸಿದಾಗ ಎಲ್ಲರೂ ಅಲ್ಲಿಗೇ ಬರಬೇಕಲ್ಲ.

ಗುಲಾಮರನ್ನು ಇಟ್ಟುಕೊಂಡ ದಕ್ಷಿಣದವರ ಮೇಲೆ ನಾವು ಉತ್ತರದವರು ಮಾಡಿದ ಯುದ್ಧ ಎಂದರೆ ಜನರಿಗೆ ಫಿರಂಗಿ ನೆನಪಾಗುತ್ತದೆ. ನನಗೆ ನೆನಪಾಗುವುದು ಬೇಲಿ. ನಮ್ಮ ಹಡಗಿಗೆ ಕಟ್ಟಿಗೆ ಎಷ್ಟು ಹಾಕಿದರೂ ಸಾಲದು. ಕಲ್ಲಿದ್ದಲು ಸಿಕ್ಕದ ಕಡೆ ದಡಕ್ಕೆ ಹಡಗು ಹಚ್ಚಿ, ಹತ್ತಿಯ ಹೊಲಗಳ ಸುತ್ತ ಇರುವ ಮರದ ಬೇಲಿ ಕಿತ್ತು ತರುತ್ತಿದ್ದೆವು. ಒಣಗಿದ ಬೇಲಿಮರ ಚೆನ್ನಾಗಿ ಉರಿಯುತ್ತದೆ. ಒಂದು ನದಿಯ ಇಕ್ಕೆಲದ ಬೇಲಿಯನ್ನೆಲ್ಲ ಸುಟ್ಟು ಮುಗಿಸಿ ಇನ್ನೊಂದು ನದಿಗೆ ಹೋಗುವುದು, ಇದೇ ನಮ್ಮ ಪರಾಕ್ರಮ. ಕೈಯ ತುಂಬ ಸಿಬಿರು, ಬೆನ್ನಲ್ಲಿ ನೋವು, ಮೇಲೆ ಸೊಳ್ಳೆ.

ಅರವತ್ಮೂರರ ವಸಂತದಲ್ಲಿ ಹೀಗೆ ಬೇಲಿ ತರುತ್ತಿದ್ದಾಗ ಸಾಲಿನ ಕೊನೆಯಲ್ಲಿ ಒಬ್ಬ ಅಪರಿಚಿತ ಹೆಗಲ ಮೇಲೆ ಆರು ಮರ ಹೊತ್ತು ಹಲಗೆ ಏರಿ ಬಂದ. ಇಪ್ಪತ್ತೈದು ವರ್ಷದ ಆಳು, ಕಪ್ಪಗೆ, ಗಟ್ಟಿಯಾಗಿದ್ದ. ನನ್ನ ಒಲೆಯ ಪಕ್ಕದಲ್ಲೇ ಇಳಿಸಿದ.

"ಯಾರೋ ನೀನು?" ಎಂದೆ.

"ಬೇಲಿ ತಂದೆ."

"ತಂದ್ಯಲ್ಲ, ಇಳಿಸ್ದೆ. ಇನ್ನು ಹೊರಡು."

"ಎಲ್ಲಿಗಣ್ಣ ಹೊರಡ್ಲಿ? ಬೇಲೀನೇ ಇಲ್ಲಿದೆಯಲ್ಲ ಈಗ."

ಗುಲಾಮನಾಗಿದ್ದ ಅವನು ಹೊತ್ತು ತಂದದ್ದು ತನ್ನ ಒಡೆಯನ ಬೇಲಿಯನ್ನೇ. ನನಗೆ ನಗು ತಡೆಯಲಾಗಲಿಲ್ಲ. ಬಹಳ ದಿನದ ಮೇಲೆ ನಕ್ಕಿದ್ದೆ, ಅದಕ್ಕೇ ಅವನಿಗೆ ಒಂದು ಬಟ್ಟಲು ಹೆಚ್ಚು ಬಡಿಸಿದೆ. ಮರುದಿನ ಕ್ಯಾಪ್ಟನ್ ಅವನ ಹೆಸರು ಬರೆಸಿಕೊಂಡು ಬಾಯ್ಲರಿಗೆ ಕಟ್ಟಿಗೆ ಹಾಕುವ ಕೆಲಸಕ್ಕೆ ಇಟ್ಟರು.

ಐಸಮ್‌ಗೆ ಬಾಯ್ಲರ್ ಹೊಸದಲ್ಲ. ಒಡೆಯನ ಹೊಲದಲ್ಲಿ ಹತ್ತಿಯ ಬೀಜ ಬಿಡಿಸುವ ಯಂತ್ರಕ್ಕೆ ಹಬೆಯ ಬಾಯ್ಲರ್ ಇತ್ತು. ಅವನೂ ಅವನ ಅಣ್ಣನೂ ಅದಕ್ಕೆ ಬೆಂಕಿ ಹಾಕುತ್ತಿದ್ದರು. ಒಂದು ದಿನ ಮೇಲ್ವಿಚಾರಕ ಅವಸರ ಮಾಡಿದ, ಒಳಗೆ ನೀರು ಇಳಿದದ್ದನ್ನು ಯಾರೂ ನೋಡಲಿಲ್ಲ, ಬಾಯ್ಲರ್ ಸಿಡಿಯಿತು. ಅಣ್ಣ ಸತ್ತ. ಐಸಮ್ ಬುಟ್ಟಿ ತರಲು ಹೋಗಿದ್ದರಿಂದ ಉಳಿದ. ಇದನ್ನು ಅವನು ಒಂದೇ ಸಲ ಹೇಳಿದ್ದು, ಅದೂ ಆಲೂಗಡ್ಡೆ ಸುಲಿಯುತ್ತಾ, ತಲೆ ಎತ್ತದೆ.

ನಮ್ಮ ಎಂಜಿನಿಯರು ಆಗಸ್ಟ್ ಕ್ಲಿಂಗ್ಲರ್, ಸಿನ್ಸಿನಾಟಿಯ ಜರ್ಮನ್ ಮನುಷ್ಯ, ಐವತ್ತು ದಾಟಿದವರು. ಕೆಂಪು ಮೂತಿ, ಮೊಣಕಾಲಿನವರೆಗೆ ಇಳಿಯುವ ಹಳೇ ಕೋಟು. ಎಂಥ ಬಿಸಿಲಿನಲ್ಲೂ ಆ ಕೋಟು ಬಿಚ್ಚುತ್ತಿರಲಿಲ್ಲ. ಬೈಗುಳವೆಲ್ಲ ಜರ್ಮನಿನಲ್ಲಿ, ಆದ್ದರಿಂದ ಯಾರಿಗೂ ಬೇಸರವಾಗುತ್ತಿರಲಿಲ್ಲ. ಐಸಮ್ ಅವರನ್ನು ಮೇಸ್ತ್ರಿ ಎಂದು ಕರೆದ. ಒಡೆಯ ಎನ್ನುವ ಮಾತನ್ನು ಅವನು ಬೇಲಿಯ ಜೊತೆಗೇ ಬಾಯ್ಲರಿಗೆ ಹಾಕಿ ಸುಟ್ಟಿದ್ದ.

ಬಾಯ್ಲರಿನ ಒಳಗೆ ನೀರು ಎಷ್ಟಿದೆ ಎಂದು ಕಣ್ಣಿಗೆ ಕಾಣುವುದಿಲ್ಲ. ಅದರ ಮುಖಕ್ಕೆ ಒಂದರ ಮೇಲೊಂದು ಮೂರು ಸಣ್ಣ ನಲ್ಲಿ ಇರುತ್ತವೆ. ಕೋಲಿನಿಂದ ಒತ್ತಿ ಒಂದೊಂದನ್ನೇ ಬಿಡಬೇಕು. ಒಳಗೆ ಆ ಮಟ್ಟಕ್ಕೆ ನೀರಿರಲಿ, ಬರೀ ಹಬೆಯಿರಲಿ, ಹೊರಗೆ ಬರುವುದು ಒಂದೇ ಬಿಳಿ ಹೊಗೆ. ವ್ಯತ್ಯಾಸ ಇರುವುದು ಸದ್ದಿನಲ್ಲಿ. ನೀರಾದರೆ ಒದ್ದೆ ಸದ್ದು, ಚರಚರ ಉಗುಳುತ್ತದೆ. ಹಬೆಯಾದರೆ ಒಣಗಿದ ಸದ್ದು, ಸುಯ್ಯೆಂದು ಒಂದೇ ಎಳೆ. ಕೆಳಗಿನ ಎರಡು ನಲ್ಲಿ ನೀರಿನ ಸದ್ದು ಮಾಡಿದರೆ ಎಲ್ಲರೂ ಊಟ ಮಾಡಬಹುದು. ಕೆಳಗಿನದೂ ಒಣಗಿದ ಸದ್ದು ಮಾಡಿದರೆ ದೇವರನ್ನು ನೆನೆಯಲೂ ಸಮಯ ಇರುವುದಿಲ್ಲ. ಎಂಜಿನಿಯರ ಕೆಲಸ ಎಂದರೆ ಮುಖ್ಯವಾಗಿ ಕಿವಿಯ ಕೆಲಸ.

ಆ ಕಿವಿ ಹೋಯಿತು. ನಮ್ಮ ಹಡಗಿನಲ್ಲಿ ಬಾಯ್ಲರು, ಎಂಜಿನು, ಫಿರಂಗಿ, ನನ್ನ ಒಲೆ ಎಲ್ಲವೂ ಒಂದೇ ಅಂತಸ್ತಿನಲ್ಲಿ, ತಗಡಿನ ಪೆಟ್ಟಿಗೆಯೊಳಗೆ. ಫಿರಂಗಿ ಹಾರಿಸಿದಾಗಲೆಲ್ಲ ನನ್ನ ಪಾತ್ರೆಗಳು ಗೂಟದಿಂದ ಬೀಳುತ್ತಿದ್ದವು. ಅರವತ್ನಾಲ್ಕರ ಜೂನಿನಲ್ಲಿ ವೈಟ್ ನದಿಯ ತಿರುವೊಂದರಲ್ಲಿ ಜೊಂಡಿನ ಹಿಂದಿನಿಂದ ಶತ್ರುಗಳು ಹೊಡೆದರು, ನಾವು ಎರಡು ತಾಸು ಹೊಡೆದೆವು. ಯಾರು ಗೆದ್ದರೋ ಗೊತ್ತಿಲ್ಲ. ಮುಗಿದ ಮೇಲೆ ಮೂವರನ್ನು ದಡದಲ್ಲಿ ಹೂಳಿದೆವು, ಬೇಲಿ ಕಿತ್ತೆವು, ಹೊರಟೆವು. ನನಗೆ ವಾರದವರೆಗೆ ಕಿವಿಯಲ್ಲಿ ಜೀರುಂಡೆ ಕೂಗಿತು. ಕ್ಲಿಂಗ್ಲರ್ ಅವರಿಗೆ ಜೀರುಂಡೆಯೂ ಉಳಿಯಲಿಲ್ಲ.

ಮೊದಲು ಕಂಡದ್ದು ಐಸಮ್‌ಗೆ. ಮೂರನೆಯ ದಿನ ಬೆಳಗ್ಗೆ ಮೇಸ್ತ್ರಿ ನಲ್ಲಿ ಒತ್ತಿ ನೋಡಿದರು. ನಡುವಿನದು ಒಣಗಿದ ಸದ್ದು ಮಾಡಿತು. ಕೆಳಗಿನದು ಅರ್ಧ ಒದ್ದೆ, ಅರ್ಧ ಒಣಕಲು. ಮೇಸ್ತ್ರಿ ತಲೆಯಾಡಿಸಿ, ಕೈ ಒರೆಸಿಕೊಂಡು, ಎಲ್ಲ ಸರಿಯಿದೆ ಎನ್ನುವ ಹಾಗೆ ಹಿಂದಕ್ಕೆ ಹೊರಟರು. ಐಸಮ್ ಕೂಗಿದ. ಅವರು ತಿರುಗಲಿಲ್ಲ. ಅವನು ಉರಿಯುವ ಕಟ್ಟಿಗೆಯನ್ನೆಲ್ಲ ಸಲಿಕೆಯಿಂದ ಹೊರಗೆಳೆದು ಹಲಗೆಯ ಮೇಲೆ ಚೆಲ್ಲಿದ, ನಾನು ಕಾಫಿಯ ಹಂಡೆಯನ್ನೇ ಅದರ ಮೇಲೆ ಸುರಿದೆ. ಬಾಯ್ಲರ್ ತಣ್ಣಗಾಯಿತು. ಹಿಂದಿರುಗಿ ಬಂದ ಕ್ಲಿಂಗ್ಲರ್ ಆ ಬೂದಿ ನೋಡಿದರು, ಐಸಮ್‌ನ ಮುಖ ನೋಡಿದರು, ಎಲ್ಲ ಅರ್ಥವಾಯಿತು. ಪೀಪಾಯಿಯ ಮೇಲೆ ಕುಸಿದು ಕೂತರು.

"ಕ್ಯಾಪ್ಟನ್‌ಗೆ ಹೇಳ್ತೀಯಾ?" ಎಂದು ಗಟ್ಟಿಯಾಗಿ ಕೇಳಿದರು.

"ಮೆಲ್ಲಗೆ ಮಾತಾಡಿ ಮೇಸ್ತ್ರಿ, ನೀವೇ ಹೇಳ್ಬಿಡ್ತೀರ ಅವರಿಗೆ," ಎಂದ ಐಸಮ್.

"ಮುಖ ತೋರ್ಸಿ ಮಾತಾಡಯ್ಯ, ತುಟಿ ಕಾಣ್ಲಿ. ಬೇರೆ ಎಂಜಿನಿಯರ್ ಇಲ್ಲ ಈ ನದೀಲಿ. ಇನ್ನೊಬ್ಬ ಜ್ವರದಲ್ಲಿ ಹೋದ. ನನ್ನ ಕೆಳಗಿಳಿಸಿದ್ರೆ ಹಡಗು ಇಲ್ಲೇ ನಿಲ್ಲುತ್ತೆ, ಶತ್ರುಗಳು ಬಂದು ಸುಡ್ತಾರೆ. ಆಮೇಲೆ ನನಗೂ ಯಾರೂ ಕೆಲಸ ಕೊಡಲ್ಲ. ನಲವತ್ತು ವರ್ಷ ಎಂಜಿನ್ ಬಿಟ್ಟು ಬೇರೆ ಏನೂ ಕಲೀಲಿಲ್ಲ ಕಣಯ್ಯ."

ಹಡಗು ನಿಂತರೆ ತನ್ನ ಗತಿ ಏನಾಗುತ್ತದೆ ಎಂದು ಐಸಮ್‌ಗೆ ಯಾರೂ ಹೇಳಬೇಕಾಗಿರಲಿಲ್ಲ. ಸಿಕ್ಕಿಬಿದ್ದರೆ ಜರ್ಮನ್ ಮನುಷ್ಯನನ್ನು ಸೆರೆಯಲ್ಲಿಡುತ್ತಾರೆ, ಕರಿಯರಾದ ಐಸಮ್‌ನನ್ನೂ ನನ್ನನ್ನೂ ಮರಕ್ಕೆ ನೇತು ಹಾಕುತ್ತಾರೆ. "ಸದ್ದು ನಾನು ಕೇಳ್ತೀನಿ," ಎಂದ. ಅಷ್ಟು ಸುಲಭವಾಗಿ ಒಪ್ಪಿಕೊಂಡ. ಒಂದೆರಡು ವಾರದ ಮಾತು ಎಂದುಕೊಂಡಿದ್ದನೋ ಏನೋ.

ಅಂದಿನಿಂದ ಅವನ ಜಾಗ ಮೇಸ್ತ್ರಿಯ ಹಿಂದೆ, ಒಂದು ಹೆಜ್ಜೆ ದೂರದಲ್ಲಿ. ನಲ್ಲಿ ಒತ್ತುವುದು ಅವನು, ತೊಡೆಯ ಮೇಲೆ ಬೆರಳು ಇಟ್ಟು ಮಟ್ಟ ತೋರಿಸುವುದು ಅವನು. ಮೇಲಿನಿಂದ ಚುಕ್ಕಾಣಿಯವನು ಎಂಜಿನ್ ಕೋಣೆಗೆ ಗಂಟೆ ಹೊಡೆಯುತ್ತಾನಲ್ಲ, ಅದಕ್ಕೆ ಕೋಟಿನ ಚುಂಗು. ಗಂಟೆ ಬಿದ್ದ ತಕ್ಷಣ ಐಸಮ್ ಹಿಂದಿನಿಂದ ಚುಂಗು ಎಳೆಯುತ್ತಿದ್ದ. ಒಂದು ಸಲ ಎಳೆದರೆ ನಿಲ್ಲಿಸು, ಎರಡು ಸಲ ಎಳೆದರೆ ಮುಂದೆ, ಮೂರು ಸಲವಾದರೆ ಹಿಂದಕ್ಕೆ. ಮೇಸ್ತ್ರಿಯ ಬಲಗೈ ಆಗಲೇ ಹಬೆಯ ಹಿಡಿಕೆಯ ಮೇಲಿರುತ್ತಿತ್ತು. ನೋಡುವವರಿಗೆ ಗಂಟೆ ಮತ್ತು ಕೈಯ ನಡುವೆ ಕೂದಲೆಳೆಯಷ್ಟೂ ಸಂದು ಕಾಣುತ್ತಿರಲಿಲ್ಲ. ಕ್ಯಾಪ್ಟನ್ ಒಮ್ಮೆ ಎಲ್ಲರೆದುರು, "ಈ ನದೀಲಿ ಕ್ಲಿಂಗ್ಲರ್ ಕಿವಿಯಂಥ ಕಿವಿ ಇಲ್ಲ," ಎಂದು ಹೊಗಳಿದರು. ನಾನು ಸಾರಿನ ಕಡೆ ಮುಖ ತಿರುಗಿಸಿಕೊಂಡೆ.

ಹೀಗೆ ಹದಿನಾಲ್ಕು ತಿಂಗಳು. ಸೈನ್ಯದ ಸಾಮಾನು ಸಾಗಿಸುವ ಹಡಗುಗಳ ಜೊತೆ ಹೋಗುವುದು, ಬರುವುದು. ಮರಳಿನ ದಿಬ್ಬಕ್ಕೆ ಸಿಕ್ಕುವುದು, ಬಿಡಿಸಿಕೊಳ್ಳುವುದು. ಬಾಯ್ಲರಿಗೆ ಹೋಗುವುದು ನದಿಯ ಕೆಸರುನೀರೇ, ದಿನಾ ಅದರ ಹೊಟ್ಟೆಯಿಂದ ಕೆಸರು ತೆಗೆಯಬೇಕು. ಐಸಮ್ ಮಲಗಿದಲ್ಲೂ ಒಂದು ಕಿವಿ ಮೇಲೆ ಇಟ್ಟುಕೊಂಡೇ ಮಲಗುತ್ತಿದ್ದ. ಯುದ್ಧ ಮುಗಿಯಿತು ಎಂದು ಬಾವುಟ ಹಾರಿಸಿದ ದಿನ ಎಲ್ಲರೂ ಕುಣಿದರು. ಅವನು ಕಟ್ಟಿಗೆಯ ರಾಶಿಗೆ ಒರಗಿ ಕೂತು, "ಇನ್ನು ಕೇಳೋದು ಬೇಡ ಅಲ್ವಾ ರೂಬ್?" ಎಂದ. ನಾನು ಬೇಡ ಎಂದೆ. ಸುಳ್ಳು ಹೇಳಿದೆ ಎಂದು ಆಗ ನನಗೇ ಗೊತ್ತಿರಲಿಲ್ಲ.

ಹರಾಜಿನಲ್ಲಿ ಹಡಗನ್ನು ಒಬ್ಬ ವ್ಯಾಪಾರಿ ಕೊಂಡ. ಫಿರಂಗಿಗಳನ್ನು ಇಳಿಸಿದರು. ತಗಡುಗಳನ್ನು ಬಿಚ್ಚಿದರು, ಅವು ಮೌಂಡ್ ಸಿಟಿಯ ಹಂದಿಗೂಡುಗಳ ಸೂರಿಗೆ ಹೋದವು. ನಮ್ಮ ನದಿಯ ದಡದ ಊರುಗಳಾದ ಕೈರೋ ಮೆಂಫಿಸ್ ನಡುವೆ ಹತ್ತಿ, ಹಿಟ್ಟು, ಹೇಸರಗತ್ತೆ, ಜನ ಎಲ್ಲವನ್ನೂ ಸಾಗಿಸುವ ಹಡಗಾಯಿತು. ಆ ಎಂಜಿನಿನ ಹುಳುಕು ಗೊತ್ತಿರುವವರು ಕ್ಲಿಂಗ್ಲರ್ ಒಬ್ಬರೇ ಎಂದು ವ್ಯಾಪಾರಿ ಅವರನ್ನೇ ಇಟ್ಟುಕೊಂಡ. ಕ್ಲಿಂಗ್ಲರ್, "ಐಸಮ್ ಇದ್ರೆ ನಾನಿರ್ತೀನಿ," ಎಂದರು. ನಾನೂ ಒಲೆಯ ಜೊತೆಗೇ ಉಳಿದೆ.

ಏಳು ವರ್ಷ ಕಳೆಯಿತು. ಐಸಮ್ ಕೈರೋದಲ್ಲಿ ಡೆಲ್ಫಿ ಎಂಬುವಳನ್ನು ಮದುವೆಯಾದ, ಎರಡು ಹೆಣ್ಣು ಮಕ್ಕಳಾದವು. ಹತ್ತು ದಿನಕ್ಕೊಮ್ಮೆ ಮನೆಗೆ ಹೋಗುತ್ತಿದ್ದ. ಹೋದರೂ ಒಲೆಯ ಮೇಲೆ ನೀರು ಕುದಿಯಲು ಶುರುವಾದರೆ ಮಾತು ನಿಲ್ಲಿಸಿ ತಲೆ ಓರೆ ಮಾಡುತ್ತಿದ್ದನಂತೆ. ಡೆಲ್ಫಿ ಒಂದು ದಿನ ನನ್ನ ಮುಂದೆಯೇ ಅವನಿಗೆ ಜಾಡಿಸಿದಳು.

"ಮನೇಗ್ ಬಂದ್ರೂ ನನ್ನ ಮಾತು ಕೇಳ್ಸಲ್ಲ, ಕೆಟಲ್ ಮಾತು ಕೇಳ್ಸುತ್ತೆ. ಕೆಟಲ್ನೇ ಕಟ್ಕೋಬೇಕಿತ್ತು ನೀನು!"

"ಅದು ಇಷ್ಟು ಬಯ್ತಿರ್ಲಿಲ್ಲ ಬಿಡು," ಎಂದ ಐಸಮ್. ನಕ್ಕ, ಆದರೆ ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ಮೂವತ್ನಾಲ್ಕು ವರ್ಷದವನು ಐವತ್ತರವನ ಹಾಗೆ ಕಾಣುತ್ತಿದ್ದ.

ಎಪ್ಪತ್ತೆರಡರ ಬೇಸಿಗೆಯಲ್ಲಿ ಕೈರೋದ ದಾಟುದೋಣಿಯ ಎಂಜಿನಿಯರ್ ಕೆಲಸ ಖಾಲಿಯಾಯಿತು. ಸಣ್ಣ ಹಬೆದೋಣಿ, ನದಿಯ ಈ ದಡದಿಂದ ಆ ದಡಕ್ಕೆ, ಸಂಜೆಯಾದರೆ ಮನೆ. ಅದರ ಮಾಲೀಕನಿಗೆ ಐಸಮ್‌ನ ಕೆಲಸ ಗೊತ್ತಿತ್ತು. "ಬಣ್ಣ ನನಗೆ ಮುಖ್ಯ ಅಲ್ಲ, ಲೈಸೆನ್ಸ್ ತಂದು ತೋರ್ಸು, ಅವತ್ತೇ ಕೆಲಸಕ್ಕೆ ಸೇರು," ಎಂದ. ಲೈಸೆನ್ಸಿಗೆ ಬಾಯ್ಲರ್ ತಪಾಸಣೆಯ ಸಾಹೇಬರ ಮುಂದೆ ಒಬ್ಬ ಎಂಜಿನಿಯರ್ ಪತ್ರ ಕೊಡಬೇಕು, ಇವನು ಇಷ್ಟು ವರ್ಷ ಬಾಯ್ಲರ್ ನೋಡಿಕೊಂಡಿದ್ದಾನೆ ಎಂದು.

ಅಡುಗೆಮನೆಯಲ್ಲಿ, ನನ್ನ ಎದುರಿಗೇ, ಐಸಮ್ ಕೇಳಿದ. ಕ್ಲಿಂಗ್ಲರ್ ಅವನ ತುಟಿ ನೋಡಿದರು, ಆಮೇಲೆ ತಟ್ಟೆ ನೋಡಿದರು.

"ಏನಂತ ಬರೀಲಿ? ಬಾಯ್ಲರ್ ನೋಡ್ಕೊಂಡಿದ್ದು ಇವನು ಅಂತ ಬರೆದ್ರೆ, ಇಷ್ಟು ವರ್ಷ ನೀನೇನ್ ಮಾಡ್ತಿದ್ದೆ ಅಂತ ಕೇಳ್ತಾರೆ. ನನ್ನ ಲೈಸೆನ್ಸ್ ಕಿತ್ಕೋತಾರೆ."

"ಸರಿ ಮೇಸ್ತ್ರಿ," ಎಂದು ಐಸಮ್ ಎದ್ದು ಹೋದ. ಮತ್ತೆ ಕೇಳಲಿಲ್ಲ. ನಾನು ಆ ವಾರವೆಲ್ಲ ಮುದುಕನಿಗೆ ಸೀದ ರೊಟ್ಟಿಯನ್ನೇ ಕೊಟ್ಟೆ.

ಅದೇ ವಾರ ಐಸಮ್ ಜ್ವರ ಬಂದು ಕೈರೋದಲ್ಲಿ ಉಳಿದ. ಕ್ಲಿಂಗ್ಲರ್ ಹಟ ಮಾಡಿ ಹಡಗು ಹೊರಡಿಸಿದರು. ಮಧ್ಯಾಹ್ನದ ಹೊತ್ತಿಗೆ ದಡಕ್ಕೆ ಹಚ್ಚುವಾಗ ಚುಕ್ಕಾಣಿಯವನು ನಿಲ್ಲಿಸು ಎಂದು ಗಂಟೆ ಹೊಡೆದ, ಮತ್ತೆ ಹೊಡೆದ. ಎಂಜಿನ್ ನಿಲ್ಲಲಿಲ್ಲ. ನಾನು ಓಡಿಹೋಗಿ ಅವರ ಚುಂಗು ಎಳೆಯುವಷ್ಟರಲ್ಲಿ ಹಡಗಿನ ಮೂತಿ ಕಟ್ಟೆಗೆ ಹೊಡೆದು ಹಲಗೆಗಳು ಮುರಿದವು. ಕಟ್ಟೆಯ ಮೇಲೆ ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ಎರಡು ಮೊಳದ ಅಂತರದಲ್ಲಿ ಉಳಿದಳು. ಹಿಡಿಕೆ ಜಾರಿತು ಎಂದು ಎಲ್ಲರೂ ನಂಬಿದರು. ಆ ಹೆಂಗಸು ಒದ್ದೆ ಬಟ್ಟೆ ಎದೆಗೆ ಒತ್ತಿಕೊಂಡು ನಡುಗುತ್ತಿದ್ದುದನ್ನು ಕ್ಲಿಂಗ್ಲರ್ ಬಹಳ ಹೊತ್ತು ನೋಡುತ್ತ ನಿಂತಿದ್ದರು. ಅಂದೇ ಸಂಜೆ ನನ್ನ ಮೇಜಿನ ಮೇಲೆ ಕಾಗದ ಹರಡಿಕೊಂಡು ಪತ್ರ ಬರೆದರು.

ಮುಂದಿನ ಸಲ ತಪಾಸಣೆಯ ಸಾಹೇಬರ ಕಚೇರಿ ಇದ್ದ ಊರಿಗೆ ಹಡಗು ಹೋದಾಗ ಮೂವರೂ ಇಳಿದೆವು. ಯಾವ ಊರು ಎಂದು ಹೇಳುವುದಿಲ್ಲ, ಆ ಸಾಹೇಬರ ಮೊಮ್ಮಕ್ಕಳು ಇನ್ನೂ ಅಲ್ಲಿದ್ದಾರೆ. ದಾರಿಯಲ್ಲಿ ಐಸಮ್ ಕೇಳಿದ, "ಮೇಸ್ತ್ರಿ, ನಿಮ್ಮ ಗತಿ?"

"ಸಿನ್ಸಿನಾಟೀಲಿ ತಂಗಿ ಇದಾಳೆ. ಅವಳ ಗಂಡನಿಗೂ ಕಿವಿ ಕೇಳಲ್ಲ. ಇಬ್ರೂ ಸುಮ್ನೆ ಕೂತಿರ್ತೀವಿ," ಎಂದರು. ತಮಾಷೆ ಮಾಡಿದ್ದೋ ನಿಜವೋ, ತಿಳಿಯಲಿಲ್ಲ.

ಸಾಹೇಬರು ಪತ್ರ ಓದಿದರು. "ಸರ್ಕಾರಿ ಸೇವೆಯ ಕೊನೆಯ ಹದಿನಾಲ್ಕು ತಿಂಗಳೂ ಆಮೇಲಿನ ಏಳು ವರ್ಷವೂ ಈ ಹಡಗಿನ ಬಾಯ್ಲರ್ ಕಾದದ್ದು ಐಸಮ್ ಲೆಡ್‌ಬೆಟರನ ಕಿವಿ. ನನಗೆ ಏನೂ ಕೇಳಿಸುವುದಿಲ್ಲ," ಎಂದಿತ್ತು ಅದರಲ್ಲಿ. ಅವರು ತಲೆ ಎತ್ತಿ ನಕ್ಕರು.

"ಕ್ಲಿಂಗ್ಲರ್, ಕಿವುಡ ಅಂತೀರಿ. ಇಷ್ಟು ಹೊತ್ತು ನಾನ್ ಕೇಳಿದ್ದಕ್ಕೆಲ್ಲ ಸರಿಯಾಗೇ ಉತ್ತರ ಕೊಟ್ರಲ್ರೀ."

"ತುಟಿ ನೋಡಿ ಹೇಳ್ತೀನಿ ಸ್ವಾಮಿ."

"ಓಹೋ. ಹಾಗಾದ್ರೆ ಆ ಕಿಟಕಿ ಕಡೆ ತಿರುಗಿ ನಿಂತ್ಕೊಳ್ಳಿ, ನೋಡೋಣ."

ಕ್ಲಿಂಗ್ಲರ್ ತಿರುಗಿ ನಿಂತರು. ಐಸಮ್ ಅವರ ಹಿಂದೆ, ಒಂದು ಹೆಜ್ಜೆ ದೂರದಲ್ಲಿ, ಎಂದಿನ ಜಾಗದಲ್ಲಿ ನಿಂತಿದ್ದ. ಅವನನ್ನು ಪಕ್ಕಕ್ಕೆ ಕರೆಯಬೇಕು ಎಂದು ನನಗೂ ಹೊಳೆಯಲಿಲ್ಲ. ಎಂಟು ವರ್ಷ ನೋಡಿ ನೋಡಿ ಅವರಿಬ್ಬರನ್ನು ಬೇರೆ ಬೇರೆ ಎಂದು ಕಾಣುವುದನ್ನೇ ನಾನು ಮರೆತಿದ್ದೆ. ಸಾಹೇಬರು ಸ್ವಲ್ಪ ಹೊತ್ತು ಏನೋ ಬರೆಯುವವರ ಹಾಗೆ ಮಾಡಿದರು. ಮೇಜಿನ ಮೇಲೆ ಜವಾನನನ್ನು ಕರೆಯುವ ಹಿತ್ತಾಳೆಯ ಗಂಟೆ ಇತ್ತು. ತಟ್ಟನೆ ಅದನ್ನು ಒಂದು ಸಲ ಹೊಡೆದರು.

ಐಸಮ್‌ನ ಕೈ ಹೋಗಿ ಚುಂಗು ಎಳೆಯಿತು. ಕ್ಲಿಂಗ್ಲರ್ ಅವರ ಬಲಗೈ ಮೇಲೆದ್ದು, ಇಲ್ಲದ ಹಿಡಿಕೆಯನ್ನು ಹಿಡಿದು, ಹಬೆ ನಿಲ್ಲಿಸಿತು. ಗಂಟೆ ಮತ್ತು ಕೈಯ ನಡುವೆ ಕೂದಲೆಳೆಯಷ್ಟೂ ಸಂದು ಇರಲಿಲ್ಲ. ಐಸಮ್‌ನ ಬೆನ್ನು ಅಡ್ಡವಾಗಿ, ಮೇಜಿನ ಆ ಕಡೆ ಕೂತ ಸಾಹೇಬರಿಗೆ ಕಂಡದ್ದು ಆ ಎತ್ತಿದ ಕೈ ಮಾತ್ರ.

ಐಸಮ್ ತನ್ನ ಕೈಯನ್ನೇ ನೋಡುತ್ತಿದ್ದ, ಅದು ಬೇರೆ ಯಾರದೋ ಎನ್ನುವಂತೆ.

"ಒಳ್ಳೇ ಕಿವಿ," ಎಂದರು ಸಾಹೇಬರು.

ಕ್ಲಿಂಗ್ಲರ್ ತಿರುಗಿ ಅವರ ಮುಖ ನೋಡಿ ವಿಷಯ ತಿಳಿದುಕೊಂಡರು. "ಇಲ್ಲ ಸ್ವಾಮಿ! ನನಗೆ ಕೇಳಿಸ್ಲಿಲ್ಲ. ಇವನು ಕೋಟು ಎಳೆದ!" ಎಂದು ಕಿರುಚಿದರು.

"ಏನೋ, ಎಳೆದ್ಯಾ?"

"ಎಳ್ದೆ ಸಾಹೇಬ್ರೇ," ಎಂದ ಐಸಮ್.

ನಾನು ಬಾಗಿಲ ಬಳಿಯಿಂದ, "ನಾನೂ ನೋಡ್ದೆ ಸ್ವಾಮಿ, ಇನ್ನೊಂದ್ಸಲ ಹೊಡೀರಿ, ಇವನ್ನ ಹೊರಗೆ ಕಳ್ಸಿ ಹೊಡೀರಿ," ಎಂದೆ.

ಸಾಹೇಬರು ನನ್ನ ಕಡೆ ನೋಡಲೂ ಇಲ್ಲ. "ಕಿವುಡ ಅಂತ ತೋರ್ಸಿದ್ರೆ ಇವನಿಗೆ ಲಾಭ. ಆದ್ರೂ ಇವನೇ ಎಳೆದು ಕೆಡಿಸ್ಕೊಂಡ ಅಂತೀರಿ. ಯಾವ ಮೂರ್ಖ ಹಾಗೆ ಮಾಡ್ತಾನೆ? ಕರಿಯನಿಗೆ ಕಾಗದ ಕೊಡ್ಸೋಕೆ ಮೂರು ಜನ ಸೇರಿ ನಾಟಕ ಆಡ್ತೀರಾ? ಕ್ಲಿಂಗ್ಲರ್, ನಿಮ್ಮ ವಯಸ್ಸಿಗೆ ಮರ್ಯಾದೆ ಕೊಟ್ಟು ಬಿಡ್ತಿದೀನಿ. ಹೋಗಿ." ಪತ್ರವನ್ನು ಮಡಿಸಿ ಹಿಂದಕ್ಕೆ ತಳ್ಳಿದರು.

ಬೀದಿಯಲ್ಲಿ ಬಿಸಿಲಿತ್ತು. ನನಗೆ ಸಾಹೇಬರ ಮೇಲಿನ ಸಿಟ್ಟಿಗಿಂತ ಐಸಮ್ ಮೇಲೆ ಸಿಟ್ಟು ಹೆಚ್ಚು ಬಂದಿತ್ತು, ಅದಕ್ಕಿಂತ ಹೆಚ್ಚು ಅಳು ಬಂದಿತ್ತು. ದಾಟುದೋಣಿ ಹೋಯಿತು, ಸಂಜೆಯ ಮನೆ ಹೋಯಿತು, ಡೆಲ್ಫಿಗೆ ಏನು ಹೇಳುವುದು? ಕ್ಲಿಂಗ್ಲರ್ ನೀರಿನ ತೊಟ್ಟಿಯ ಕಟ್ಟೆಯ ಮೇಲೆ ಕೂತುಬಿಟ್ಟರು. ಕೆಂಪು ಮೂತಿಯ ಮೇಲೆ ನೀರು ಇಳಿಯುತ್ತಿತ್ತು.

"ಯಾಕೋ ಎಳೆದೆ?" ಎಂದರು. "ಒಂದೇ ಒಂದು ಸಲ ಸುಮ್ನಿರೋಕೆ ಆಗ್ಲಿಲ್ವಾ? ನಾನೇ ಬಿಟ್ಟುಕೊಡ್ತಿದ್ನಲ್ಲೋ."

ಐಸಮ್ ಅವರ ಎದುರು ಬಗ್ಗಿ, ತುಟಿ ಕಾಣುವ ಹಾಗೆ, ನಿಧಾನವಾಗಿ ಹೇಳಿದ. "ಗಂಟೆ ಹೊಡೀತಲ್ಲ ಮೇಸ್ತ್ರಿ."

ಅವರು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಹಿಟ್ಟಿನ ಗಾಡಿಯೊಂದು ಹೋಯಿತು, ಇನ್ನೊಂದು ಹೋಯಿತು. ಕೆಳಗೆ ಕಟ್ಟೆಯ ಕಡೆಯಿಂದ ಲಿಡಿಯಾ ಬೂನ್ ಹಡಗು ಹೊರಡುವ ಗಂಟೆ ಬಾರಿಸಿತು. ಕ್ಲಿಂಗ್ಲರ್ ಅಲುಗಲಿಲ್ಲ, ಅವರಿಗೆ ಹೇಗೆ ಕೇಳಿಸಬೇಕು? ಐಸಮ್ ನದಿಯ ಕಡೆ ನೋಡಿದ, ನನ್ನ ಕಡೆ ನೋಡಿದ. ಓಡಿಹೋಗಬಹುದಾಗಿತ್ತು, ಅವರನ್ನು ಅಲ್ಲೇ ಬಿಟ್ಟು ಬರಬಹುದಾಗಿತ್ತು, ಯಾರೂ ತಪ್ಪು ಎನ್ನುತ್ತಿರಲಿಲ್ಲ. ಹಡಗಿನಲ್ಲಿ ನಲವತ್ತು ಜನ ಪ್ರಯಾಣಿಕರು ಹತ್ತಿ ಕೂತಿದ್ದರು. ಅವನು ಮುದುಕನ ಹಿಂದಕ್ಕೆ ಹೋಗಿ, ಕೋಟಿನ ಚುಂಗು ಹಿಡಿದು, ಈ ಸಲ ತಿಳಿದೇ, ಎರಡು ಸಲ ಎಳೆದ.

ಕ್ಲಿಂಗ್ಲರ್ ಎದ್ದು ನದಿಯ ಕಡೆ ನಡೆದರು. ಐಸಮ್ ಒಂದು ಹೆಜ್ಜೆ ಹಿಂದೆ ನಡೆದ.